ಬಚ್ಚಲ ದೀಪಕ್ಕೆ ಕಾವಲಾದ ಪ್ರೇಮಾನಂದ ಶೆಟ್ಟರು

ಕರಾವಳಿಯ ವಿದ್ಯುತ್ ಕೆಲಸಗಾರರ ಬಳಗದಲ್ಲಿ ಶ್ರೀ ಪ್ರೇಮಾನಂದ ಶೆಟ್ಟರದು ಬೇರೆಯೇ ಪಂಕ್ತಿ. ಹೊಸ ಮನೆಯ ವೈರಿಂಗ್ ನೋಡಲು ಬಂದವರು ಚಾವಡಿಯಲ್ಲಿ ಕಾಫಿ ಕುಡಿದು ಸಹಿ ಹಾಕಿ ಹೋಗುತ್ತಿದ್ದ ಕಾಲದಲ್ಲಿ, ಮನೆಯೊಡತಿಯ ಕ್ಷಮೆ ಕೇಳಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ನೇರ ಬಚ್ಚಲಿಗೆ ನುಗ್ಗುತ್ತಿದ್ದ ಪುಣ್ಯಾತ್ಮರು ಅವರು! "ಬಚ್ಚಲು ಶೆಟ್ರು" ಎಂದು ಸಹೋದ್ಯೋಗಿಗಳು ಕೀಟಲೆ ಮಾಡಿದರೆ ನಕ್ಕುಬಿಡುತ್ತಿದ್ದರು.

1997ರಲ್ಲಿ ಬ್ರಹ್ಮಾವರದ ಕಡೆಗೆ ತಪಾಸಣೆಯ ಕೆಲಸಕ್ಕೆ ಬಂದವರು, ಒದ್ದೆ ಕೈ ತಾಗದಂತೆ ಸ್ವಿಚ್ಚನ್ನು ಬಚ್ಚಲ ಹೊರಗಿಡಿಸಿದರು. ಕರೆಂಟು ಸೋರಿದೊಡನೆ ತಾನೇ ಬೀಳುವ ಟ್ರಿಪ್ ಸ್ವಿಚ್ ಹಾಕಿಸಿರೆಂದು ಮನೆಮನೆಯಲ್ಲಿ ಅಂಗಲಾಚಿದರು. ಬೇಸಿಗೆಯಲ್ಲಿ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಗುಂಡಿ ಒಣಗದಂತೆ, ತುಳಸಿಗೆ ಎರೆದ ಚೊಂಬಿನಲ್ಲಿ ಒಂದಿಷ್ಟು ನೀರು ಅದಕ್ಕೂ ಉಳಿಸಲು ಹೆಂಗಸರಿಗೆ ಕಲಿಸಿದರು. ಕಿರಿಮಂಜೇಶ್ವರದ ವನಜಕ್ಕ ಶಾಕ್ ಹೊಡೆದ ಮೇಲೆ ಮೊಮ್ಮಗುವನ್ನು ಮೀಯಿಸಲು ಹೆದರುತ್ತಿದ್ದಾರೆಂದು ಕೇಳಿ, ರಜೆಯ ದಿನ ಬಸ್ಸು ಹಿಡಿದು ಹೋಗಿ, ದೀಪ ಸರಿಪಡಿಸಿ, ಮಗುವಿನ ಸ್ನಾನ ಮುಗಿಯುವ ತನಕ ಹೊರಗೆ ನಿಂತು ಬಂದರು.

ಊರಿಗೆಲ್ಲ ಉಪಕಾರವಾದ ಈ ಹಟವೇ ಸ್ವಂತ ತಂಗಿಯ ಬಾಗಿಲನ್ನು ಅವರಿಗೆ ಮುಚ್ಚಿಸಿತು. 2001ರಲ್ಲಿ ಹಂಗಾರಕಟ್ಟೆಯ ತಂಗಿ ಅಮ್ಮಣ್ಣಿಯವರ ಮಗಳ ಮದುವೆ. ಬೀಗರಿಗೆಂದು ಕಟ್ಟಿಸಿದ ಹೊಸ ಬಚ್ಚಲಿನಲ್ಲಿ ಮುಂಬೈಯಿಂದ ತರಿಸಿದ ಹಿತ್ತಾಳೆಯ ದೀಪ. ಟೆಸ್ಟರ್ ಇಟ್ಟು ನೋಡಿದರೆ ಅದರ ಮೈಯಲ್ಲೇ ಕರೆಂಟು! ಶೆಟ್ಟರು ಹಿಂದುಮುಂದು ನೋಡದೆ ಬಿಚ್ಚಿಬಿಟ್ಟರು. ದಿಬ್ಬಣ ಅಂಗಳಕ್ಕೆ ಬಂದಾಗ ಬಚ್ಚಲು ಕತ್ತಲೆ.

"ಎಂತ ಮಾಡ್ದೆ ಅಣ್ಣ? ಬೀಗ್ರ್ ಎದ್ರಿಗೆ ಮರ್ವಾದಿ ತೆಗ್ದೆ!" ಎಂದರು ಅಮ್ಮಣ್ಣಿ.

"ಕರೆಂಟಿಗೆ ನೆಂಟ್ರ್ ಇಷ್ಟ್ರ್ ಅಂತಿಲ್ಲ ಮಾರಾಯ್ತಿ. ಯಾರಾರೂ ಸತ್ರೆ?"

"ಮದಿ ಮನ್ಯಂಗೆ ಸಾವಿನ್ ಮಾತಾ? ಇನ್ನ್ ನೀನ್ ಈ ಮೆಟ್ಲ್ ಹತ್ಬೇಡ."

ಹನ್ನೆರಡು ವರ್ಷ ಅವರು ಹತ್ತಲಿಲ್ಲ. ಕೋಟದ ಪೇಟೆಯಲ್ಲಿ ತಂಗಿಯ ಬೆನ್ನು ಕಂಡರೂ ಕರೆಯಲು ಬಾಯಿ ಬಾರದೆ, ತಂಗಿ ಬಸ್ಸು ಹತ್ತಿ ಹೋಗುವವರೆಗೂ ನಿಂತಿರುತ್ತಿದ್ದರು. "ಒಂದ್ ಸರ್ತಿ ಅಣ್ಣ ಅಂದ್ರೆ ಸಾಕಿತ್" ಎಂದು ಕಚೇರಿಯಲ್ಲಿ ಬುತ್ತಿ ಬಿಚ್ಚಿಟ್ಟು ಉಣ್ಣದೆ ಕುಳಿತದ್ದುಂಟು.

2013ರಲ್ಲಿ ನಿವೃತ್ತರಾದ ವಾರವೇ ಫೋನ್ ಬಂತು: "ಅಣ್ಣ, ರಿಟೈರ್ ಆಯ್ತಂಬ್ರಲ, ಇನ್ನಾರೂ ಬತ್ಯಾ?"

ಬಿದ್ದೆದ್ದು ಓಡಿದರು ಶೆಟ್ಟರು. ತಂಗಿ ನೇರ ಬಚ್ಚಲಿಗೆ ಕರೆದೊಯ್ದರು. ಗೋಡೆಯಲ್ಲಿ, ಶೆಟ್ಟರೇ ಅಂದು ಟೇಪು ಸುತ್ತಿ ಬಿಟ್ಟಿದ್ದ ಎರಡು ತಂತಿ ಹಾಗೆಯೇ ಇದ್ದವು. ಪಕ್ಕದಲ್ಲಿ ಚಿಮಿಣಿ ದೀಪದ ಮಸಿ.

"ಇಷ್ಟ್ ವರ್ಷ ಚಿಮ್ಣಿ ಬೆಳ್ಕಂಗೇ ಮಿಂದ್ಯಾ?"

"ನೀನ್ ಬಿಚ್ಚದ್ದ್, ನೀನೇ ಹಾಕ್. ಬೇರೆಯರಿಗೆ ಕೈ ಹಾಕುಕೆ ನಾನ್ ಬಿಡ್ಲಿಲ್ಲ."

ಕರೆಂಟು ಸೋರದಂತೆ ಶೆಟ್ಟರು ಸರಿಪಡಿಸಿದ ದೀಪ ಅಂದೇ ಹತ್ತಿತು. ಅದು ಸರಿ ಉರಿಯುತ್ತದೋ ಎಂದು ಪರೀಕ್ಷಿಸುವ ನೆವದಲ್ಲಿ ಶೆಟ್ಟರು ಈಗ ಪ್ರತಿ ಭಾನುವಾರ ಹಂಗಾರಕಟ್ಟೆಗೆ ಹೋಗಿ, ಉಂಡು ಬರುತ್ತಾರೆ. ಅವರ ಕೈಯ ಕೆಲಸ ಊರವರಿಗೂ ಹೀಗೆಯೇ ದೊರೆಯುತ್ತಿರಲಿ. ಕಳೆದುಹೋದ ಹನ್ನೆರಡು ವರ್ಷಗಳನ್ನು ಯಾರೂ ಮರಳಿಸಲಾರರು. ಆದುದರಿಂದ ನೂರು ವರ್ಷ ಬಾಳಿ ಎಂದು ಹರಸಿದರೆ ಸಾಲದು, ಅಣ್ಣತಂಗಿಯರಿಬ್ಬರಿಗೂ ಅದರ ಮೇಲೆ ಹನ್ನೆರಡು ವರ್ಷ ಹೆಚ್ಚೇ ಸಿಗಲಿ.