ತೆರೆಯದೆ ಬಿಟ್ಟ ಗೋರಿಗಳು

೧೯೪೬ರ ಬೇಸಿಗೆ. ಆಗ ನಾನು ರಾಯಚೂರಿನಲ್ಲಿ ಪುರಾತತ್ವ ಸಹಾಯಕನಾಗಿದ್ದೆ. ಮಾನ್ವಿ ತಹಶೀಲ್ದಾರರಿಂದ ಒಂದು ಕೆಲಸ ಬಂತು. ಬಾಗಲವಾಡದ ಆಚೆ ಒಂದು ಹಳ್ಳಿಯಲ್ಲಿ ಚಾವಣಿ ಕುಸಿದ ಹಳೆಯ ಚರ್ಚು ಇತ್ತು. ಅದರ ಸುತ್ತಲಿನ ನೆಲ ಸ್ಮಶಾನವೋ ಬರೀ ಹೊಲವೋ ಎಂದು ನಾನು ಪರೀಕ್ಷಿಸಿ ಹೇಳಬೇಕಿತ್ತು. ಊರ ಸಾಹುಕಾರ ಅದು ತನ್ನ ಹೊಲವೆನ್ನುತ್ತಿದ್ದ. ತಮ್ಮವರ ಹೆಣಗಳನ್ನು ಅಲ್ಲೇ ಹೂಳುತ್ತ ಬಂದಿದ್ದ ಕೂಲಿಯವರು ಅಲ್ಲವೆನ್ನುತ್ತಿದ್ದರು.

ನಾನು ಹೋದಾಗ ಅಲ್ಲಿ ಒಂದು ಗೋರಿಕಲ್ಲೂ ಉಳಿದಿರಲಿಲ್ಲ. ಕಲ್ಲು ಕಿತ್ತ ಗುಣಿಗಳಲ್ಲಿ ಮಣ್ಣು ಇನ್ನೂ ಸಡಿಲವಾಗಿತ್ತು. ಬದುವಿನ ಮೇಲೆ ಸಾಹುಕಾರನ ಆಳುಗಳು ತೊಡೆಯ ಮೇಲೆ ಕೊಡಲಿ ಇಟ್ಟುಕೊಂಡು ಕೂತಿದ್ದರು. ಅವರು ಎದ್ದು ಹೋಗಲೇ ಇಲ್ಲ. ಅಗೆಯಲು ಬಂದ ಕೂಲಿಯವರು ಅವರಿಗೆ ಬೆನ್ನು ಕೊಡಲು ಅಂಜುತ್ತಿದ್ದರು.

ಚರ್ಚಿನ ಗೋಡೆಯ ಬದಿಗೆ ಟ್ರೆಂಚ್, ಎಂದರೆ ಪರೀಕ್ಷೆಯ ಕಾಲುವೆ, ತೆಗೆಸಿದೆ. ಮೇಲೆ ಮೊಳದಷ್ಟು ಕಪ್ಪು ಎರೆಮಣ್ಣು, ಕೆಳಗೆ ಗರಸು, ಎಂದರೆ ಗಟ್ಟಿ ಕೆಂಪು ಜಲ್ಲಿಮಣ್ಣು. ಗರಸನ್ನು ಕಡಿದು ಹೂಳಿದ ಜಾಗದಲ್ಲಿ ಎರೆಮಣ್ಣು ಬೆರೆತು ಕಲೆ ಉಳಿಯುತ್ತದೆ, ಎಷ್ಟು ವರ್ಷವಾದರೂ ಮಾಸುವುದಿಲ್ಲ. ಅಂಥ ಕಪ್ಪು ಕಲೆಗಳು ಆಳುದ್ದ, ಸಾಲುಸಾಲಾಗಿ ಕಾಣಿಸಿಕೊಂಡವು.

ಸಾಹುಕಾರ ಬಂದು ಬಗ್ಗಿ ನೋಡಿದ. “ಬಣ್ಣ ತೋರಸಬ್ಯಾಡ್ರಿ ಸಾಹೇಬ್ರ, ಎಲುಬು ತೋರಸ್ರಿ.”

ಚರ್ಚಿನ ಕಸ ಗುಡಿಸುತ್ತಿದ್ದ ಮುದುಕಿ ಮರಿಯಮ್ಮ ನನ್ನ ಕಾಲ ಬಳಿ ಕುಸಿದಳು. “ಕಾಲರಾ ಬಂದಾಗ ನನ್ನ ಮೂರು ಹೆಣ್ಣುಕೂಸು ಇಲ್ಲೇ ಇಟ್ಟೀನ್ರಿ ಯಪ್ಪಾ. ಎಬ್ಬಿಸಬ್ಯಾಡ್ರಿ.”

ಒಂದು ಗೋರಿ ತೆರೆದಿದ್ದರೆ ವಾದ ಅಂದೇ ಮುಗಿಯುತ್ತಿತ್ತು. ನಾನು ತೆರೆಯಲಿಲ್ಲ. ನಕ್ಷೆ ಬರೆದುಕೊಂಡು ತಹಶೀಲ್ದಾರರನ್ನು ಕರೆತರಲು ಮಾನ್ವಿಗೆ ಹೋದೆ.

ಮರುದಿನ ನಾವು ಬರುವಷ್ಟರಲ್ಲಿ ಟ್ರೆಂಚು ಮುಚ್ಚಿ ನೆಲವನ್ನೆಲ್ಲ ಉತ್ತುಬಿಟ್ಟಿದ್ದರು. ಕೂಲಿಯವರ ಕೇರಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಮರಿಯಮ್ಮ ಒಬ್ಬಳೇ ಗೋಡೆಗೆ ಒರಗಿ ಕೂತಿದ್ದಳು. ಹಣೆಯ ಮೇಲೆ ರಕ್ತ ಒಣಗಿತ್ತು.

“ನೇಗಿಲಿಗಿ ಅಡ್ಡ ಮಲಗಿದ್ನಿರಿ. ಎಳದು ಒಗದ್ರು,” ಎಂದಳು.

“ಈಗ ಏನು ತೋರಸ್ತೀರಿ?” ಎಂದು ಸಾಹುಕಾರ ನಕ್ಕ.

ನೇಗಿಲು ಗರಸಿನ ತನಕ ಇಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಸನಿಕೆ ಹಿಡಿದು ನಾನೇ ಸಡಿಲ ಮಣ್ಣು ತೆಗೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಕೇರಿಯ ಒಂದು ಬಾಗಿಲು ತೆರೆಯಿತು, ಆಮೇಲೆ ಇನ್ನೊಂದು. ಕೂಲಿಯವರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ನಿಂತು ಅಗೆದರು. ಮಧ್ಯಾಹ್ನದ ಹೊತ್ತಿಗೆ ಕೆಂಪು ನೆಲದಲ್ಲಿ ಕಪ್ಪು ಸಾಲುಗಳು ನಕ್ಷೆಯಲ್ಲಿದ್ದಂತೆಯೇ ಕಂಡವು. ತುದಿಯ ಮೂರು ತೀರ ಪುಟ್ಟವು.

ತಹಶೀಲ್ದಾರರು ಬೂಟು ಬಿಚ್ಚಿದರು. “ಬಸ್, ಸಾಕು. ಇದು ಕಬರಸ್ತಾನ. ಯಾರೂ ಮುಟ್ಟಬ್ಯಾಡ್ರಿ.”

ಸಾಹುಕಾರ ನನ್ನತ್ತ ನೋಡಲಿಲ್ಲ. ಕೂಲಿಯವರ ಮುಂದೆ ನಿಂತು ಮೆಲ್ಲಗೆ ಹೇಳಿದ: “ಸಾಹೇಬ್ರು ಬರತಾರ, ಹೋಗತಾರ. ನಾವು ನೀವು ಇಲ್ಲೇ ಇರಾವ್ರು.” ಯಾರೂ ತಲೆ ಎತ್ತಲಿಲ್ಲ.

ಅವನು ಹೋದ ಮೇಲೆ ಮರಿಯಮ್ಮ ಕೇಳಿದಳು, “ಸಣ್ಣಾಕಿ ಯಾವ ಕಡಿ ಅದಾಳ್ರಿ? ನನಗ ಮರತು ಹೋಗ್ಯದ.”

ಟೇಪು ಹಿಡಿದು ಮೂರನ್ನೂ ಅಳೆದೆ. ಗೋಡೆಯ ಕಡೆಯದು ಎಲ್ಲಕ್ಕಿಂತ ಗಿಡ್ಡ. ತೋರಿಸಿದೆ. ಆಕೆ ಅಲ್ಲಿ ಅಂಗೈ ಊರಿ ಬಹಳ ಹೊತ್ತು ಕೂತಳು.

ಗೋರಿ ಕಂಡರೆ ಅದು ಎಷ್ಟು ಹಳೆಯದು ಎಂದು ಮೊದಲು ಕೇಳಬೇಕೆಂದು ನನಗೆ ಕಲಿಸಿದ್ದರು. ಅಂದಿನಿಂದ ನಿವೃತ್ತನಾಗುವವರೆಗೆ, ಅದರಲ್ಲಿ ಮಲಗಿದವರ ಕಡೆಯವರು ಯಾರಾದರೂ ಬದುಕಿದ್ದಾರೆಯೇ ಎಂದು ಊರಲ್ಲಿ ವಿಚಾರಿಸದೆ ನಾನು ಗುದ್ದಲಿ ಹಾಕಿಸಲಿಲ್ಲ.