ಎಡಗಡೆ ಗೊತ್ತಿದ್ದ ನಾಯಕ

ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಐದು ದಿನ ಸೈಕಲ್ ತುಳಿಯಲು ಕ್ಯುಪರ್ಟಿನೋದಿಂದ ಹೊರಟ ನಮ್ಮ ಗುಂಪಿಗೆ ಗೆಳೆಯನೊಬ್ಬ ತಾನೇ ನಾಯಕನಾದ. "ಅಲ್ಲಿ ಎಡಗಡೆ ಓಡ್ಸೋದು ನಂಗೇನ್ ಹೊಸದಾ ಗುರು? ಮೈಸೂರಲ್ಲಿ ಬೆಳೆದೋನು," ಎನ್ನುತ್ತಿದ್ದ. ಇಪ್ಪತ್ತು ವರ್ಷ ಇಲ್ಲಿ ಅಮೆರಿಕದ ಫ್ರೀವೇಗಳಲ್ಲಿ ಬಲಗಡೆ ಕಾರು ಓಡಿಸಿದ್ದನ್ನು ಮಹಾಶಯ ಮರೆತೇಬಿಟ್ಟಿದ್ದ.

ಮೂರನೆಯ ದಿನ ದೋಣಿಯಿಂದ ಇಳಿದವನೇ, ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿನಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತ ಬಲಗಡೆಯಲ್ಲೇ ಹೊರಟ. ತಿರುವಿನಲ್ಲಿ ಎದುರಿಗೆ ಮೀನಿನ ಲಾರಿ. ಹಿಂದೆಯೇ ಬರುತ್ತಿದ್ದ ನಾನು ಕಿರುಚಿದೆ. ಲಾರಿ ಅವನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಆ ಬ್ರೇಕಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮರಳಿದ ಮೇಲೆ, ಎಲ್ಲರೂ ಮನೆಯಿಂದ ಅಡುಗೆ ತಂದಿದ್ದ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತ, "ಆ ಡ್ರೈವರ್‌ಗೆ ರೋಡ್ ಸೆನ್ಸೇ ಇಲ್ಲ ಕಣ್ರೋ," ಎಂದ.

"ರಾಂಗ್ ಸೈಡಲ್ಲಿದ್ದಿದ್ದು ನೀನು," ಎಂದೆ.

"ಬಿಡೋ, ಸೆಲ್ಫಿ ಸಖತ್ತಾಗಿ ಬಂದಿದೆ!"

ನೋಡಿದೆ. ಅವನು ನಗುತ್ತಿದ್ದ. ಹಿಂದೆ ಬಾಯಿ ತೆರೆದು ಕಿರುಚುತ್ತಿದ್ದವನು ನಾನು.