ಪವಮಾನಾಚಾರ್ಯರ ಒಂಟಿಚಕ್ರಕ್ಕೆ ಬ್ರೇಕು

ಕಾಶಿಯ ಬಂಗಾಲಿ ಟೋಲಾದ ಗಲ್ಲಿಗಳು ಒಂಟಿಚಕ್ರದ ಸೈಕಲ್ಲು ಕಲಿಯುವವರಿಗಾಗಿಯೇ ಕಟ್ಟಿದಂತಿವೆ. ಎರಡೂ ಕೈ ಚಾಚಿದರೆ ಎರಡೂ ಕಡೆ ಗೋಡೆ ಸಿಗುತ್ತದೆ. ಬೀಳಬೇಕೆಂದರೂ ಜಾಗವಿಲ್ಲ. ಪವಮಾನಾಚಾರ್ಯರು ನಲವತ್ತರ ಹೊಸ್ತಿಲಲ್ಲಿ ಆ ವಿದ್ಯೆ ಕಲಿತದ್ದು ಹೀಗೆಯೇ, ಒಂದು ಅಂಗೈಗೆ ಈಚೆ ಮನೆಯ ಸುಣ್ಣ, ಇನ್ನೊಂದಕ್ಕೆ ಆಚೆ ಮನೆಯ ಪಾಚಿ ಮೆತ್ತಿಕೊಂಡು.

ಆಚಾರ್ಯರ ಮುತ್ತಜ್ಜ ಧಾರವಾಡದ ಕಡೆಯಿಂದ ಕಾಶಿಗೆ ಬಂದವರು. ಅಂದಿನಿಂದ ಈ ಮನೆಯವರ ಕೆಲಸ ಒಂದೇ: ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ, ತರ್ಪಣ ಮಾಡಿಸುವುದು. ಕೆಳಗಿನ ಪಡಸಾಲೆಯಲ್ಲಿ ಕರ್ಮ, ಮೇಲಿನ ಕೋಣೆಗಳಲ್ಲಿ ಯಾತ್ರಿಕರ ವಸತಿ. ಯಾತ್ರಿಕರಿಲ್ಲದ ಒಂದು ಬೇಸಿಗೆಯಲ್ಲಿ ಮೇಲಿನ ಕೋಣೆಗೆ ಸ್ವಿಟ್ಜರ್ಲೆಂಡಿನವನೊಬ್ಬ ಬಂದಿದ್ದ. ಅವನ ಜೊತೆಗೆ ಎದೆಮಟ್ಟದ ಒಂದೇ ಚಕ್ರದ ಸೈಕಲ್ಲು. ಅವನಿಗೆ ಕಾಮಾಲೆಯಾಯಿತು, ಅವನ ಊರಿನವರು ಬಂದು ಕರೆದುಕೊಂಡು ಹೋದರು, ಚಕ್ರ ಮಾತ್ರ ಮೆಟ್ಟಿಲ ಕೆಳಗೆ ಉಳಿಯಿತು. ಆಮೇಲೆ ಅವನು ಬರೆದ ಒಂದು ಕಾರ್ಡಿನಲ್ಲಿ, ನೀವೇ ಓಡಿಸಿ ಎಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಉಪಚಾರದ ಮಾತು ಎಂದು ಬಿಡುತ್ತಿದ್ದರು. ನಮ್ಮ ಆಚಾರ್ಯರು ಆಜ್ಞೆ ಎಂದು ತೆಗೆದುಕೊಂಡರು.

ದಿನಾ ಬೆಳಿಗ್ಗೆ, ಸ್ನಾನಕ್ಕೆ ಮೊದಲು, ಪಂಚೆಯನ್ನು ಕಚ್ಚೆ ಕಟ್ಟಿ ಲಂಕಾ ಎಂಬ ಬಡಾವಣೆ ದಾಟಿ ಸಾಮ್ನೆ ಘಾಟಿಗೆ ಹೋಗುವರು. ಚಳಿಗಾಲದಲ್ಲಿ ಅಲ್ಲಿ ಗಂಗೆಯ ಮೇಲೆ ಕಬ್ಬಿಣದ ಪೀಪಾಯಿಗಳನ್ನು ತೇಲಿಬಿಟ್ಟು ಸೇತುವೆ ಹಾಕುತ್ತಾರೆ, ಪೀಪಾ ಪುಲ್ ಅಂತ. ಅದನ್ನು ದಾಟಿ ರಾಮನಗರದ ಕಡೆ ಒಂದು ಸುತ್ತು. ಕೇಳಿದವರಿಗೆ, ಆಚೆ ದಡದಲ್ಲಿ ಒಳ್ಳೆಯ ದರ್ಭೆ ಸಿಗುತ್ತದೆ ಎನ್ನುವರು. ಮನೆಗೆ ದರ್ಭೆ ಗೋದೌಲಿಯಾ ಪೇಟೆಯ ಅಂಗಡಿಯಿಂದ ಕಟ್ಟುಗಟ್ಟಲೆ ಬರುತ್ತಿದ್ದುದು ಹೆಂಡತಿ ಕಾತ್ಯಾಯನಿಗೆ ಗೊತ್ತಿತ್ತು. ಆದರೆ ಗಂಡ ಆ ಚಕ್ರದ ಮೇಲಿಂದ ಇಳಿದು ಬಂದ ದಿನ ಮನೆಯಲ್ಲಿ ಯಾರ ಮೇಲೂ ರೇಗುತ್ತಿರಲಿಲ್ಲ.

ಕಷ್ಟ ಬಂದದ್ದು ಮೊಣಕಾಲಿನಿಂದ. ಆ ಚಕ್ರದ ಪೆಡಲು ಚಕ್ರಕ್ಕೇ ಅಂಟಿಕೊಂಡಿರುತ್ತದೆ. ಚಕ್ರ ತಿರುಗಿದಷ್ಟೂ ಕಾಲು ತಿರುಗಲೇಬೇಕು. ದಡದಿಂದ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಅಷ್ಟು ದೊಡ್ಡ ಚಕ್ರವನ್ನು ಬರೀ ಕಾಲಿನಿಂದ ತಡೆಹಿಡಿಯಬೇಕು. ಎರಡು ಚಳಿಗಾಲ ಹಾಗೆ ತಡೆದದ್ದಕ್ಕೆ ಆಚಾರ್ಯರ ಮೊಣಕಾಲು ಊದಿಕೊಂಡವು. ಪುರೋಹಿತನ ಬಂಡವಾಳ ಮಂತ್ರ ಎಂದು ಜನ ತಿಳಿದಿದ್ದಾರೆ. ಅರ್ಧ ಬಂಡವಾಳ ಮೊಣಕಾಲು. ಚಕ್ಕಳಮಕ್ಕಳ ಹಾಕಿ ಅರ್ಧ ದಿನ ಕೂರಲಾರದವನು ಎಂಥ ಪುರೋಹಿತ?

ಎರಡು ಸಾವಿರದ ಆರನೇ ಇಸವಿಯ ಮಾಘ ಮಾಸ. ರಾಣೆಬೆನ್ನೂರಿನ ಮುದುಕರೊಬ್ಬರು ತಾಯಿಯ ಶ್ರಾದ್ಧ ಮುಗಿಸಿ ಆಚಾರ್ಯರಿಗೆ ನಮಸ್ಕಾರ ಮಾಡಲು ಎದ್ದು ನಿಂತರು. ಆಚಾರ್ಯರಿಗೆ ಏಳಲಾಗಲಿಲ್ಲ. ಕೊನೆಗೆ ಆ ಮುದುಕರೇ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ನಿಲ್ಲಿಸಿ, ಆಮೇಲೆ ಕಾಲಿಗೆ ಬಿದ್ದರು. ಆಚಾರ್ಯರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ಅವರ ಮಣೆಯ ಪಕ್ಕದಲ್ಲಿ ಒಂದು ಗಿಡ್ಡ ಮರದ ಸ್ಟೂಲು ಬಂದು ಕೂತಿತ್ತು. ಕಾತ್ಯಾಯನಿ ಎಲ್ಲಿಂದಲೋ ತಂದಿಟ್ಟಿದ್ದಳು.

"ಇದನ್ನ ಊರಿ ಏಳ್ರಿ," ಎಂದಳು. "ಯಾತ್ರಿಕರ ಕೈಲಿ ಎಬ್ಬಿಸ್ಕೊಳ್ಳೋದು ಚಂದಲ್ಲ. ಮಾಘ ಮುಗಿಯೋದ್ರಾಗ ಇದನ್ನ ಮುಟ್ಟದ ಎದ್ರ ಸರಿ. ಇಲ್ಲಾಂದ್ರ ಆ ಚಕ್ರ ಹಳೇ ಕಬ್ಬಿಣದ ಕಬಾಡಿಯವಗ ಕೊಟ್ಟುಬಿಡ್ತೀನಿ."

ಕಾತ್ಯಾಯನಿ ಬೆದರಿಕೆ ಹಾಕುವ ಪೈಕಿ ಅಲ್ಲ. ಹೇಳಿದರೆ ಮಾಡುವವಳು. ಆಚಾರ್ಯರು ಆ ಹೊತ್ತೇ ತೋಂಟೇಶನನ್ನು ಹುಡುಕಿಕೊಂಡು ಹೊರಟರು.

ತೋಂಟೇಶ ಗದಗಿನ ಕಡೆಯವನು, ಗೋದೌಲಿಯಾದ ಆಚೆಗಿದ್ದ ಕನ್ನಡದವರ ಮಠದಲ್ಲಿ ಜೀಪಿನ ಡ್ರೈವರು. ಮಠದ ಪಂಪು, ಜನರೇಟರು, ದಾಸೋಹದ ತಳ್ಳುಗಾಡಿ ಎಲ್ಲದಕ್ಕೂ ಅವನೇ ವೈದ್ಯ. ಚಕ್ರವನ್ನು ಒಮ್ಮೆ ಸುತ್ತು ಹಾಕಿ ನೋಡಿದ. ಚಕ್ರ ಹಿಡಿದ ಕವೆಯ ಮೇಲೆ ಬ್ರೇಕಿಗೆಂದೇ ಎರಡು ಗೂಟಗಳಿದ್ದವು. ಲಂಕಾದಲ್ಲಿ ವಿದ್ಯಾರ್ಥಿಗಳ ಗೇರ್ ಸೈಕಲ್ ರಿಪೇರಿ ಮಾಡುವ ಅಂಗಡಿಯಿಂದ ಬ್ರೇಕಿನ ತೋಳು, ರಬ್ಬರು, ತಂತಿ ತಂದರು. ಹಿಡಿಯನ್ನು ಸೀಟಿನ ಮೂತಿಯ ಕೆಳಗೆ ಬಿಗಿದರು. ತಂತಿಯನ್ನು ಗೇಣಿನಷ್ಟಕ್ಕೆ ಕತ್ತರಿಸಿ ಎಳೆದು ಕಟ್ಟಿದರು.

"ಬ್ರೇಕ್ ಅಂದ್ರ ಮುಟ್ಟಿದ್ರ ಹಿಡೀಬೇಕ್ರಿ ಆಚಾರ್ರ," ಎಂದ ತೋಂಟೇಶ. "ಗೋದೌಲಿಯಾದಾಗ ಜಾರೋ ಬ್ರೇಕ್ ಇಟ್ಕೊಂಡು ಯಾರ್ ಗಾಡಿ ಓಡಸ್ತಾರ?"

ಘಾಟಿನ ಇಳಿಜಾರಿನಲ್ಲಿ ಮುಟ್ಟಿದ ಕೂಡಲೇ ಅದು ಹಿಡಿಯಿತು. ಚಕ್ರ ನಿಂತಿತು. ಆಚಾರ್ಯರು ನಿಲ್ಲಲಿಲ್ಲ, ಮುಂದೆ ಹಾರಿ ಗಂಗೆಯ ಮರಳಿನಲ್ಲಿ ಸಾಷ್ಟಾಂಗ ಬಿದ್ದರು.

ಜೀಪಿನ ಬ್ರೇಕು ನಿಲ್ಲಿಸುವುದಕ್ಕೆ. ಒಂಟಿಚಕ್ರದ ಬ್ರೇಕು ಕಾಲಿನ ಭಾರ ಹಂಚಿಕೊಳ್ಳುವುದಕ್ಕೆ, ಅಷ್ಟೇ. ಅದು ಇಬ್ಬರಿಗೂ ಆಗ ಅರ್ಥವಾಯಿತು. ತೋಂಟೇಶ ತಂತಿ ಸಡಿಲಿಸಿದ, ಸ್ಪ್ರಿಂಗಿನ ಬಿಗಿ ಇಳಿಸಿದ, ಹಿಡಿಯನ್ನು ಅರ್ಧ ಎಳೆದ ಮೇಲಷ್ಟೇ ರಬ್ಬರು ರಿಮ್ಮಿನ ಅಂಚನ್ನು ಹಗುರವಾಗಿ ಸವರುವ ಹಾಗೆ ಕೂರಿಸಿದ.

ಅಲ್ಲಿಗೆ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಮೊದಲ ದಿನವೇ ಬಿದ್ದದ್ದು ಇಬ್ಬರ ಮನಸ್ಸಿಗೂ ಹಿಡಿಸಲಿಲ್ಲ. ಹೊಸ ಯಂತ್ರಕ್ಕೆ ದೇವರ ಗುರುತು ಬಿದ್ದಿಲ್ಲ, ಅದಕ್ಕೇ ಹೀಗೆ ಎಂದರು ಆಚಾರ್ಯರು. ಗೋಪೀಚಂದನ ತೇಯ್ದು ಮುದ್ರೆ ಒತ್ತಲು ಕೂತರು. ವಿಭೂತಿ ಸಾಕಲ್ಲ ಎಂದ ತೋಂಟೇಶ. ಸ್ವಲ್ಪ ಹೊತ್ತು ಜಗ್ಗಾಟವಾಗಿ, ಎಡಗಡೆ ಹರಿಗೆ, ಬಲಗಡೆ ಹರನಿಗೆ ಎಂದು ರಾಜಿಯಾಯಿತು. ಎಲ್ಲಿ ಹಚ್ಚುವುದು? ಟೈರು ರಬ್ಬರು, ಬೀದಿಯ ಕೊಳಕು ಮುಟ್ಟುವಂಥದು, ದೇವರಿಗಾಗದು. ಕವೆಗೆ ಗ್ರೀಸು ಮೆತ್ತಿತ್ತು. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ರಿಮ್ಮೇ ಶುದ್ಧ ಜಾಗ ಎಂದು ಇಬ್ಬರೂ ಒಪ್ಪಿದರು.

ಅಂದಿನಿಂದ ಚಕ್ರಕ್ಕೆ ಬಿಕ್ಕಳಿಕೆ ಶುರುವಾಯಿತು. ಇಳಿಜಾರಿನಲ್ಲಿ ಹಿಡಿ ಎಳೆದರೆ ನಯವಾಗಿ ಇಳಿಯುತ್ತ ಇಳಿಯುತ್ತ, ಸುತ್ತಿಗೊಮ್ಮೆ ಗಕ್ಕನೆ ಹಿಡಿಯುವುದು. ಆಚಾರ್ಯರು ಮುಗ್ಗರಿಸುವರು, ಬೀಳದಿರಲು ಕಾಲಿನಿಂದ ತಡೆಯುವರು, ಮೊಣಕಾಲು ಮೊದಲಿಗಿಂತ ಹೆಚ್ಚು ನೋಯುವುದು. ಚಕ್ರ ಸೊಟ್ಟಗಿದೆ ಎಂದು ತೋಂಟೇಶ ಕಡ್ಡಿಗಳನ್ನು ಒಂದೊಂದಾಗಿ ತಿರುಗಿಸಿ ನೇರ ಮಾಡಿದ. ಬಿಕ್ಕಳಿಕೆ ಹೋಗಲಿಲ್ಲ. ಬಿದ್ದಷ್ಟೂ ಭಕ್ತಿ ಹೆಚ್ಚಿತು. ದಿನಾ ಹೊರಡುವ ಮುಂಚೆ ಎಡಕ್ಕೆ ಇನ್ನಷ್ಟು ದಪ್ಪ ಮುದ್ರೆ, ಬಲಕ್ಕೆ ಇನ್ನಷ್ಟು ಒದ್ದೆ ವಿಭೂತಿ.

ಪಡಸಾಲೆಯಲ್ಲಿ ಸ್ಟೂಲು ಇನ್ನೂ ಇತ್ತು. ಆಚಾರ್ಯರು ಅದನ್ನು ಊರಿಯೇ ಏಳುತ್ತಿದ್ದರು. ಮಾಘ ಮುಗಿಯುತ್ತ ಬಂದಿತ್ತು. ಕಬಾಡಿಯವನ ಕೂಗು ಗಲ್ಲಿಯಲ್ಲಿ ಕೇಳಿದರೆ ಅವರ ಮಂತ್ರ ತಪ್ಪುತ್ತಿತ್ತು.

ಒಂದು ಬೆಳಿಗ್ಗೆ ಚಕ್ರದ ತುಂಬ ಗಲ್ಲಿಯ ಸಗಣಿ ಮೆತ್ತಿದ್ದು ಕಂಡು ಕಾತ್ಯಾಯನಿಗೆ ಸಹಿಸಲಾಗಲಿಲ್ಲ. ಶ್ರಾದ್ಧ ನಡೆಯುವ ಪಡಸಾಲೆಯ ಬಾಗಿಲಲ್ಲಿ ಇದೇನು ಹೊಲಸು ಎಂದು ಅಂಟವಾಳದ ನೀರು, ತೆಂಗಿನ ನಾರು ತೆಗೆದುಕೊಂಡು ತಿಕ್ಕಿ ತೊಳೆದಳು, ಟೈರು ರಿಮ್ಮು ಎಂದು ನೋಡದೆ. ಆಚಾರ್ಯರಿಗೆ ಹೊತ್ತಾಗಿತ್ತು, ಮುದ್ರೆ ಒತ್ತದೆ ಹಾಗೇ ಓಡಿದರು. ಮಠಕ್ಕೆ ಅತಿಥಿಗಳು ಬಂದಿದ್ದರಿಂದ ತೋಂಟೇಶನೂ ಆ ದಿನ ಘಾಟಿಗೆ ಬಂದಿರಲಿಲ್ಲ. ಚಕ್ರ ಇಳಿಜಾರಿನಲ್ಲಿ ಎಣ್ಣೆಯ ಹಾಗೆ ಇಳಿಯಿತು. ಕಾಲು ಸುಮ್ಮನೆ ಪೆಡಲಿನ ಜೊತೆ ಸುತ್ತುತ್ತಿತ್ತು. ಆಚಾರ್ಯರು ಸಂತೋಷ ತಡೆಯಲಾರದೆ ಚಕ್ರವನ್ನು ಮತ್ತೆ ಮೇಲಕ್ಕೆ ಒಯ್ದು ಇನ್ನೊಮ್ಮೆ ಇಳಿದರು.

"ಕಡ್ಡಿ ನೇರ ಮಾಡಿದ್ದು ಕೆಲಸ ಮಾಡ್ತು ನೋಡ್ರಿ," ಎಂದ ತೋಂಟೇಶ ಸಂಜೆ.

"ಕಡ್ಡಿಯಲ್ಲಪ್ಪಾ, ಮುದ್ರೆ. ಇಷ್ಟು ದಿನದ್ದು ಕೂಡಿ ಫಲ ಕೊಟ್ಟದ," ಎಂದರು ಆಚಾರ್ಯರು.

ಮರುದಿನ ಇಬ್ಬರೂ ಕೂಡಿ ಹೋದರು. ಕೃತಜ್ಞತೆಗೆಂದು ಎರಡೂ ಕಡೆ ಢಾಳಾಗಿ ಹಚ್ಚಿದರು. ಅರ್ಧ ಇಳಿಜಾರಿನಲ್ಲಿ ಚಕ್ರ ಗಕ್ಕೆಂದಿತು, ಆಚಾರ್ಯರು ಎದುರು ಬರುತ್ತಿದ್ದ ಹಾಲಿನವನ ಕ್ಯಾನುಗಳ ನಡುವೆ ಹೋಗಿ ಕೂತರು. "ಅರೆ ಗುರೂ!" ಎಂದು ಹಾಲಿನವನು ಬಾಯಿ ಮಾಡಿ ಹೋದ.

ಆಚಾರ್ಯರು ಏಳಲಿಲ್ಲ. ಕೂತಲ್ಲಿಂದ ಬ್ರೇಕಿನ ರಬ್ಬರುಗಳು ಕಣ್ಣಿನ ನೇರಕ್ಕೇ ಇದ್ದವು. ಒಂದು ಹಳದಿ, ಇನ್ನೊಂದು ಬಿಳಿ. ಅವರು ರಬ್ಬರು ನೋಡಿದರು, ರಿಮ್ಮಿನ ಮೇಲೆ ಗಟ್ಟಿಯಾಗಿ ಒಣಗಿದ್ದ ಮುದ್ರೆ ನೋಡಿದರು, ತೋಂಟೇಶನ ಹಣೆ ನೋಡಿದರು. ತೊಳೆದ ದಿನ ಇಳಿಯಿತು, ಹಚ್ಚಿದ ದಿನ ಹಿಡಿಯಿತು.

"ಆಚಾರ್ರ," ಎಂದ ತೋಂಟೇಶ ಮೆಲ್ಲಗೆ, "ನಾವು ದೇವರನ್ನಽ ಬ್ರೇಕಿನ್ಯಾಗ ಸಿಗಸೀವ್ರಿ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಚಕ್ರವನ್ನು ನೀರಿನ ಅಂಚಿಗೆ ಒಯ್ದು ರಿಮ್ಮನ್ನೂ ರಬ್ಬರನ್ನೂ ಮರಳಿನಲ್ಲಿ ತಿಕ್ಕಿದರು. ಕವೆಯ ಗ್ರೀಸು ಒರೆಸಿ, ದೇವರ ಗುರುತನ್ನು ಅಲ್ಲಿಗೆ, ಸೀಟಿನ ಕೆಳಗೆ, ಸ್ಥಳಾಂತರಿಸಿದರು. ಈ ಮಾತು ಬಂಗಾಲಿ ಟೋಲಾದಲ್ಲೂ ಮಠದಲ್ಲೂ ಯಾರಿಗೂ ಗೊತ್ತಾಗಬಾರದು ಎಂದು ಒಪ್ಪಂದವಾಯಿತು. ಎಲ್ಲರಿಗೂ ಗೊತ್ತಾಯಿತು.

ಮಾಘದ ಕೊನೆಗೆ ಮೊಣಕಾಲಿನ ಊತ ಇಳಿದಿತ್ತು. ಆ ದಿನ ಪಡಸಾಲೆ ತುಂಬ ಹಾವೇರಿಯಿಂದ ಬಂದ ದೊಡ್ಡ ಕುಟುಂಬ. ಪಿಂಡಪ್ರದಾನ ಮುಗಿಯಿತು. ಆಚಾರ್ಯರ ಕೈ ರೂಢಿಯಂತೆ ಸ್ಟೂಲಿನ ಕಡೆ ಹೋಯಿತು, ಅಲ್ಲೇ ತಡೆಯಿತು. ಕಾಲು ಬಿಡಿಸಿ, ಅಂಗೈಯನ್ನು ತಮ್ಮ ತೊಡೆಗೇ ಊರಿ ಎದ್ದರು. ಕೀಲು ಲಟಕ್ಕೆಂದಿತು, ಆದರೆ ಎದ್ದು ನಿಂತಿದ್ದರು. ನೋಡಿದಳೋ ಇಲ್ಲವೋ ಎಂದು ಅಡುಗೆಮನೆಯ ಬಾಗಿಲ ಕಡೆ ತಿರುಗಿದರು.

ಕಾತ್ಯಾಯನಿ ನೋಡಿದ್ದಳು. ಬಂದವಳೇ ಸ್ಟೂಲನ್ನು ಎತ್ತಿಕೊಂಡು ಒಳಗೆ ನಡೆದಳು. ಒಂದು ಒಳ್ಳೆಯ ಮಾತು ಕೇಳುವ ಆಸೆಯಿಂದ ಆಚಾರ್ಯರು ಹಿಂದೆಯೇ ಹೋದರು. ಅವಳು ಸ್ಟೂಲನ್ನು ಒಲೆಯ ಮುಂದೆ, ನೆಲದಲ್ಲಿ ಮೊದಲೇ ನಾಲ್ಕು ಕಾಲಿನ ಗುರುತು ಬಿದ್ದಿದ್ದ ಜಾಗದಲ್ಲಿ ಇಟ್ಟು, ಗೋಡೆ ಹಿಡಿದು ನಿಧಾನವಾಗಿ ಕೂತಳು. ಕೂತು ಉಸಿರು ಬಿಟ್ಟಳು.

"ಇದು ನಿಂದೇನು?" ಎಂದರು ಆಚಾರ್ಯರು.

"ಮತ್ತ ಯಾರದು? ನಂಗೂ ಮೊಣಕಾಲು ಅವ, ನೋಯ್ತಾವ," ಎಂದಳು, ವಡೆ ಮಗುಚುತ್ತ. "ನಿಮ್ಮ ಬ್ರೇಕ್ ಯಾವಾಗ ಸರಿಯಾಗ್ತದೋ ಅಂತ ಕಾಯ್ಲಿಕ್ಕತ್ತಿದ್ದೆ."

ಆಚಾರ್ಯರಿಗೆ ರಾಣೆಬೆನ್ನೂರಿನ ಮುದುಕರ ಮುಂದೆ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು. ತಿಂಗಳಿಡೀ ಅವಳು ನಿಂತೇ ಬೇಯಿಸಿದ್ದಳು, ಅವರು ಒಮ್ಮೆಯೂ ಇತ್ತ ತಿರುಗಿ ನೋಡಿರಲಿಲ್ಲ. ಬಾಳೆ ಎಲೆಗಳ ಕಟ್ಟನ್ನು ಬಗಲಿಗೆ ತೆಗೆದುಕೊಂಡು, ಪಡಸಾಲೆಗೆ ಹೋಗಿ, ಬಾಗಿ ಬಾಗಿ ತಾವೇ ಎಲೆ ಹಾಕತೊಡಗಿದರು.